ಹತ್ತು ಗಜ ಬಿಟ್ಟುಕೊಟ್ಟವನು

ನಮಸ್ಕಾರ. ಇವತ್ತು ಒಬ್ಬ ಆಟಗಾರನ ಪರ ಮಾತಾಡೋಕೆ ಕೂತಿದ್ದೀನಿ. ಬ್ಯಾರಿ ಸ್ಯಾಂಡರ್ಸ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡೆಟ್ರಾಯ್ಟ್ ಲಯನ್ಸ್ ತಂಡದ ರನ್ನಿಂಗ್ ಬ್ಯಾಕ್. ಚೆಂಡನ್ನ ಅವಚಿಕೊಂಡು ಎದುರಾಳಿಗಳ ಗುಂಪಿನೊಳಕ್ಕೆ ನುಗ್ಗೋದು ರನ್ನಿಂಗ್ ಬ್ಯಾಕ್ ಕೆಲಸ. ಎಷ್ಟು ಗಜ ಮುಂದೆ ಹೋದ ಅನ್ನೋದರ ಮೇಲೇ ಅವನನ್ನ ಅಳೀತಾರೆ.

1999ರ ಜುಲೈ. ತಂಡದ ತರಬೇತಿ ಶಿಬಿರ ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಸ್ಯಾಂಡರ್ಸ್ ತನ್ನೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿದ. ಇನ್ನು ಆಡಲ್ಲ ಅಂತ. ಆಗವನಿಗೆ 31 ವರ್ಷ. ಹತ್ತು ಸೀಸನ್‌ಗಳಲ್ಲಿ 15,269 ಗಜ ಓಡಿದ್ದ. ವೃತ್ತಿಜೀವನದಲ್ಲಿ ಒಟ್ಟು ಅತಿ ಹೆಚ್ಚು ಗಜ ಓಡಿದ ದಾಖಲೆ ಆಗ ವಾಲ್ಟರ್ ಪೇಟನ್ ಹೆಸರಲ್ಲಿತ್ತು, 16,726. ಬೇಕಿದ್ದದ್ದು ಬರೀ 1,457 ಗಜ, ಹಿಂದಿನ ಸೀಸನ್ ಒಂದರಲ್ಲೇ ಅವನು 1,491 ಓಡಿದ್ದ! ಕೈಗೆ ಬಂದ ತುತ್ತನ್ನ ಯಾಕೆ ಬಿಟ್ಟ ಅಂತ ಜನ ಇವತ್ತಿಗೂ ಕೇಳ್ತಾರೆ. ತಂಡಕ್ಕೆ ಕೈಕೊಟ್ಟ ಅಂತ ಬೈಯೋರೂ ಇದ್ದಾರೆ.

ಉತ್ತರ ಅವನ ಮೊದಲನೇ ವರ್ಷದಲ್ಲೇ ಇತ್ತು ಅಂತೀನಿ ನಾನು. 1989, ಅಟ್ಲಾಂಟಾ ವಿರುದ್ಧ ಸೀಸನ್‌ನ ಕೊನೇ ಪಂದ್ಯ. ಆ ವರ್ಷ ಅತಿ ಹೆಚ್ಚು ಗಜ ಓಡಿದವನು ಅನ್ನಿಸಿಕೊಳ್ಳೋಕೆ ಸ್ಯಾಂಡರ್ಸ್‌ಗೆ ಹತ್ತೇ ಹತ್ತು ಗಜ ಕಡಿಮೆ ಇತ್ತು. ಹತ್ತು ಗಜ ಅಂದ್ರೆ ಮೂವತ್ತು ಅಡಿ, ನಮ್ಮ ತರ್ಟಿ-ಫಾರ್ಟಿ ಸೈಟಿನ ಅಗಲ. ಮತ್ತೆ ಒಳಗೆ ಹೋಗ್ತೀಯಾ ಅಂತ ಕೋಚ್ ವೇಯ್ನ್ ಫಾಂಟೆಸ್ ಕೇಳಿದ್ರು. ಬೇಡ ಅಂದ. ಪಂದ್ಯ ಗೆಲ್ತಾ ಇದ್ರಲ್ಲ, ಅವನಿಗೆ ಅಷ್ಟು ಸಾಕಾಗಿತ್ತು. ಕಾನ್ಸಾಸ್ ಸಿಟಿಯ ಕ್ರಿಶ್ಚಿಯನ್ ಒಕೋಯೆ 1,480, ಸ್ಯಾಂಡರ್ಸ್ 1,470. ಇಪ್ಪತ್ತೊಂದರ ಹುಡುಗ ಕಿರೀಟ ಬಿಟ್ಟು ಬೆಂಚಿನ ಮೇಲೆ ಕೂತ. ಅಂಥವನು ಹತ್ತು ವರ್ಷ ಆದಮೇಲೆ ಬರೀ ಒಂದು ಅಂಕಿಗೋಸ್ಕರ ಮೈಯೊಡ್ಡಬೇಕಿತ್ತಾ?

ಮೈಯೊಡ್ಡೋದು ಅಂದ್ರೆ ಏನು ಅಂತ ಸ್ವಲ್ಪ ನೋಡೋಣ. ಇವನ ಎತ್ತರ 5 ಅಡಿ 8 ಅಂಗುಲ. ಎದುರಿಗೆ ನೂರು, ನೂರಿಪ್ಪತ್ತು ಕಿಲೋ ತೂಗೋ ಆಳುಗಳು. ಹತ್ತು ಸೀಸನ್‌ಗಳಲ್ಲಿ 3,062 ಸಲ ಚೆಂಡು ಹಿಡಿದು ಅವರ ನಡುವೆ ನುಗ್ಗಿದ್ದಾನೆ. ಮುಂದೆ ಪೇಟನ್ ದಾಖಲೆ ಮುರಿದ ಎಮಿಟ್ ಸ್ಮಿತ್ 18,355 ಗಜಕ್ಕೆ ನಿಂತ, ಆದ್ರೆ ಅದಕ್ಕೆ 4,409 ಸಲ ನುಗ್ಗಬೇಕಾಯ್ತು. ಸ್ಮಿತ್ ಸಾಧನೆ ಸಣ್ಣದು ಅಂತ ನಾನು ಹೇಳ್ತಿಲ್ಲ. ಆ 1,300ಕ್ಕೂ ಹೆಚ್ಚು ಹೊಡೆತ ತಿನ್ನೋದೋ ಬೇಡವೋ ಅಂತ ತೀರ್ಮಾನ ಮಾಡೋದು ಆ ಮೈ ಹೊತ್ತವನಿಗೆ ಬಿಟ್ಟಿದ್ದು, ಅಷ್ಟೇ.

1997ರ ಡಿಸೆಂಬರ್ 21 ನನಗೆ ಪದೇಪದೇ ನೆನಪಾಗತ್ತೆ. ನ್ಯೂಯಾರ್ಕ್ ಜೆಟ್ಸ್ ಜೊತೆ ಪಂದ್ಯ. ಅವತ್ತು ಸ್ಯಾಂಡರ್ಸ್ 184 ಗಜ ಓಡಿ, ಒಂದೇ ಸೀಸನ್‌ನಲ್ಲಿ 2,000 ದಾಟಿದ ಮೂರನೆಯವನಾದ. ಒಟ್ಟು 2,053. ಅದೇ ಮೈದಾನದಲ್ಲಿ, ಅದೇ ಪಂದ್ಯದಲ್ಲಿ, ಅವನದೇ ತಂಡದ ರೆಗ್ಗಿ ಬ್ರೌನ್ ಬೆನ್ನುಹುರಿಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ. ಉಸಿರು ನಿಂತು, ಅಲ್ಲೇ ಮೈದಾನದ ಮೇಲೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಉಳಿಸಿಕೊಂಡ್ರು. ಬದುಕಿದ, ಆಮೇಲೆ ನಡೆದಾಡಿದ, ಆದ್ರೆ ಮತ್ತೆಂದೂ ಆಡಲಿಲ್ಲ. ಆರು ವರ್ಷ ಹಿಂದೆ ಇದೇ ತಂಡದ ಮೈಕ್ ಅಟ್ಲಿಗೆ ಇದೇ ಥರ ಪೆಟ್ಟು ಬಿದ್ದು ಎದೆಯಿಂದ ಕೆಳಗೆ ಮೈ ಸ್ವಾಧೀನ ತಪ್ಪಿತ್ತು. ಇದನ್ನೆಲ್ಲ ಕಣ್ಣಾರೆ ಕಂಡವನಿಗೆ ಇನ್ನೊಂದು ವರ್ಷ ಆಡು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ.

ಹೋದ ರೀತಿ ಸರಿಯಿತ್ತಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹತ್ತು ವರ್ಷ ಸೋಲನ್ನೂ ನುಂಗಿಕೊಂಡು ಅವನಿಗಾಗಿ ಸ್ಟೇಡಿಯಮ್‌ಗೆ ಬಂದ ಡೆಟ್ರಾಯ್ಟ್ ಜನರಿಗೆ ಎದುರು ನಿಂತು ಒಂದು ಮಾತು ಹೇಳಬಹುದಿತ್ತು. ತಂಡ ಬೋನಸ್ ದುಡ್ಡಲ್ಲಿ ಪಾಲು ವಾಪಸ್ ಕೇಳಿತು, ಕಹಿ ಬೆಳೀತು. ಕೊನೆಗೆ 2023ರಲ್ಲಿ ಲಯನ್ಸ್ ಸ್ಟೇಡಿಯಮ್ ಫೋರ್ಡ್ ಫೀಲ್ಡ್ ಹೊರಗೆ ಅವನ ಪ್ರತಿಮೆ ನಿಂತಾಗ ಜನ ಅವನನ್ನ ಅಪ್ಪಿಕೊಂಡರು.

ಒಂದು ಕೆಲಸ ಮಾಡಿ. 1992ರ ಜನವರಿಯಲ್ಲಿ ಡಲ್ಲಾಸ್ ಮೇಲೆ ಅವನು ಒಂದೇ ಓಟದಲ್ಲಿ 47 ಗಜ ಹೋಗಿದ್ದನ್ನ ಹುಡುಕಿ ನೋಡಿ. ಅವನ ಕಾಲದಲ್ಲಿ ಲಯನ್ಸ್ ಗೆದ್ದ ಒಂದೇ ಒಂದು ಪ್ಲೇಆಫ್, ಅಂದ್ರೆ ನಾಕೌಟ್ ಪಂದ್ಯ ಅದು. ಸಿಕ್ಕಿಬಿದ್ದ ಅನ್ನಿಸತ್ತೆ, ಅಷ್ಟರಲ್ಲಿ ನುಣುಚಿಕೊಂಡು ಎದುರಾಳಿಯ ಕೊನೇ ಗೆರೆ ದಾಟಿರ್ತಾನೆ, ಅದೇ ಟಚ್‌ಡೌನ್. ಆಮೇಲೆ ಅವನ ಬೇರೆ ಟಚ್‌ಡೌನ್‌ಗಳನ್ನೂ ನೋಡ್ತಾ ಹೋಗಿ. ಕುಣಿತ ಇಲ್ಲ, ಎದೆ ಬಡಿದುಕೊಳ್ಳೋದಿಲ್ಲ. ಚೆಂಡನ್ನ ರೆಫ್ರಿ ಕೈಗೆ ಕೊಟ್ಟು ಬೆಂಚಿನ ಕಡೆ ನಡೀತಾನೆ.