ಕಪ್ಪು-ಬಿಳುಪು ಪ್ರಿಂಟಿನ ಮೊನಚು ಯಾವ ಸಾಫ್ಟ್‌ವೇರಿನಲ್ಲಿದೆ?

ಎಲ್ಲರಿಗೂ ನಮಸ್ಕಾರ. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲವಾಡವನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿದ ಹಿಂದಿನ ಸಂಚಿಕೆಯನ್ನು ನೋಡಿ ಗದಗಿನ ವೀಕ್ಷಕರೊಬ್ಬರು, "ಸರ್, ಫೋನಿನಲ್ಲಿ ಒಂದು ಫಿಲ್ಟರ್ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಷ್ಟೊಂದು ಪುರಾಣವೇಕೆ?" ಎಂದು ಕೇಳಿದ್ದಾರೆ. ಉತ್ತರ ಒಂದೇ: ಚಿತ್ರವನ್ನು ತಿದ್ದುವ ಸಾಫ್ಟ್‌ವೇರ್ ಯಾವುದಾದರೂ ಇರಲಿ, ಅದನ್ನು ಪ್ರಿಂಟರಿಗೆ ಕಳುಹಿಸುವ ಸಾಫ್ಟ್‌ವೇರನ್ನು ಯೋಚಿಸಿ ಆರಿಸಬೇಕು.

ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 x 4000 ಪಿಕ್ಸೆಲ್‌ಗಳ ಚಿತ್ರವನ್ನು 18 x 12 ಇಂಚಿಗೆ ಮುದ್ರಿಸಿದರೆ ಇಂಚಿಗೆ ಸುಮಾರು 333 ಪಿಕ್ಸೆಲ್ ಸಿಗುತ್ತವೆ. ಎಪ್ಸನ್ ಫೋಟೋ ಪ್ರಿಂಟರುಗಳ ಡ್ರೈವರ್ (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಸಾಮಾನ್ಯವಾಗಿ ಕೇಳುವುದು 360. ಉಳಿದದ್ದನ್ನು ಯಾರಾದರೂ ಹುಟ್ಟಿಸಲೇಬೇಕು. ಆ ಕೆಲಸವನ್ನು ಡ್ರೈವರಿಗೇ ಬಿಟ್ಟರೆ, ನೀವು ಕಷ್ಟಪಟ್ಟು ಮಾಡಿದ ಶಾರ್ಪನಿಂಗ್ (ಅಂಚುಗಳನ್ನು ಮೊನಚಾಗಿಸುವ ಕೆಲಸ) ಮುಗಿದ ಮೇಲೆ ಅದು ಚಿತ್ರವನ್ನು ಹಿಗ್ಗಿಸುತ್ತದೆ, ಬಳಪದ ಕಲ್ಲಿನಲ್ಲಿ ಕೊರೆದ ಬಳ್ಳಿಯ ಅಂಚುಗಳು ಮೆತ್ತಗಾಗುತ್ತವೆ. ಮುದ್ರಣಕ್ಕೆಂದೇ ಇರುವ ಕ್ಯೂಇಮೇಜ್ ಸಾಫ್ಟ್‌ವೇರ್ ಅಥವಾ ಫೋಟೋ ತಿದ್ದುವ ಲೈಟ್‌ರೂಮಿನ ಪ್ರಿಂಟ್ ವಿಭಾಗವಾದರೋ ಮೊದಲು ಅಳತೆಗೆ ತಂದು, ಆಮೇಲೆ ಶಾರ್ಪನಿಂಗ್ ಮಾಡುತ್ತವೆ. ಲೈಟ್‌ರೂಮ್ ಅಂತೂ ಕಾಗದ ಮ್ಯಾಟ್ ಇದೆಯೋ ಗ್ಲಾಸಿ ಇದೆಯೋ ಎಂದೂ ಕೇಳುತ್ತದೆ. ಫೋನಿನ ಫಿಲ್ಟರ್ ಇದನ್ನು ಎಂದಾದರೂ ಕೇಳಿದೆಯೇ?

ಇಂಕಿನ ವಿಷಯದಲ್ಲೂ ಇದೇ ಮಾತು. ಸಾಮಾನ್ಯ ಬಣ್ಣದ ಪ್ರಿಂಟಿಂಗಿನಲ್ಲಿ ಬೂದು ಬಣ್ಣವನ್ನು ಸಯಾನ್ (ತಿಳಿನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ ಇಂಕುಗಳನ್ನೂ ಬೆರೆಸಿ ಕಟ್ಟುವುದರಿಂದ, ಒಂದೇ ಪ್ರಿಂಟು ಒಂದು ಬೆಳಕಿನಲ್ಲಿ ಹಸಿರಾಗಿ, ಇನ್ನೊಂದು ಬೆಳಕಿನಲ್ಲಿ ನಸುಗೆಂಪಾಗಿ ಕಾಣಬಹುದು. ಎಪ್ಸನ್ನಿನ ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್ ವಿಧಾನ ಹೆಚ್ಚಾಗಿ ಕಪ್ಪು ಮತ್ತು ತಿಳಿಗಪ್ಪು ಇಂಕುಗಳನ್ನೇ ಬಳಸುತ್ತದೆ. ಕ್ವಾಡ್‌ಟೋನ್ ರಿಪ್ ಎಂಬ ಮುದ್ರಣ ಸಾಫ್ಟ್‌ವೇರ್ ಪ್ರಿಂಟರಿನ ಡ್ರೈವರನ್ನೇ ಬದಿಗಿಟ್ಟು ಒಂದೊಂದು ಇಂಕನ್ನೂ ತಾನೇ ಹಿಡಿತದಲ್ಲಿಡುತ್ತದೆ. (ಇವುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಸಂಚಿಕೆ ಬರಲಿದೆ; ಚಂದಾದಾರರಾಗಿಲ್ಲದವರು ಈಗಲೇ ಆಗಿಬಿಡಿ.)

"ನಮ್ಮದು ಹುಬ್ಬಳ್ಳಿಯ ಕಲರ್ ಲ್ಯಾಬು, ನಮಗೆ ರಿಪ್ ಎಲ್ಲಿಂದ ಬರಬೇಕು?" ಎಂದು ಸ್ಟುಡಿಯೋ ಮಿತ್ರರು ಕೇಳಬಹುದು. ಬೇಡವೇ ಬೇಡ. ಫೈಲನ್ನು ನಿಖರ ಅಳತೆಗೆ, ಇಂಚಿಗೆ 300 ಪಿಕ್ಸೆಲ್ ಇಟ್ಟು, ಶಾರ್ಪನಿಂಗ್ ಮುಗಿಸಿ ಕೊಡಿ. ಯಂತ್ರದ ಆಟೋ ಕರೆಕ್ಷನ್ ಬಂದ್ ಮಾಡಲು ಹೇಳಿ. ಅಲ್ಲಿಯೂ ಕೊನೆಯ ಸಾಫ್ಟ್‌ವೇರೇ ಮುಖ್ಯ ಎಂಬುದನ್ನು ಗಮನಿಸಬೇಕಾಗಿ ವಿನಂತಿ.

ಇನ್ನು "ಫೋಟೋಶಾಪ್ ಇದ್ದರೆ ಸಾಕು" ಎನ್ನುವ ಪಂಡಿತರು. ಇದ್ದರೆ ಸಾಕು, ನಿಜ, ಅಳತೆ ಬದಲಿಸಿದ ಮೇಲೆ ಶಾರ್ಪನಿಂಗ್ ಮಾಡುವ ಶಿಸ್ತೂ ಇದ್ದರೆ. ಆ ಶಿಸ್ತು ಎಷ್ಟು ಜನರಲ್ಲಿದೆ ಎಂದು ಧಾರವಾಡದ ಸ್ಪರ್ಧೆಗಳಿಗೆ ಬರುವ ಪ್ರಿಂಟುಗಳೇ ಹೇಳುತ್ತವೆ. ದುಬಾರಿ ರೇಷ್ಮೆ ಕೊಂಡು, ಹೊಲಿಯಲು ಕಂಡವರ ಕೈಗೆ ಕೊಡುವವರು ಇವರು. "ಪರದೆಯಲ್ಲಿ ಚೆನ್ನಾಗಿಯೇ ಕಂಡಿತ್ತು" ಎಂಬ ರಾಗವನ್ನಂತೂ ನಾನು ಇನ್ನು ಕೇಳಲಾರೆ. ಗೋಡೆಗೆ ನೇತುಹಾಕುವುದು ಪರದೆಯನ್ನಲ್ಲ!

ಕೊನೆಯ ಸಾಫ್ಟ್‌ವೇರ್, ಮಹನೀಯರೇ, ಕೊನೆಯ ಸಾಫ್ಟ್‌ವೇರ್. ಒಪ್ಪದವರು ಒಂದೇ ಚಿತ್ರವನ್ನು ಫೋನಿನಿಂದ ನೇರವಾಗಿ ಒಂದು, ಅಳತೆಗೆ ತಂದು ಶಾರ್ಪನಿಂಗ್ ಮಾಡಿ ಇನ್ನೊಂದು ಪ್ರಿಂಟ್ ತೆಗೆಸಿ, ಎರಡನ್ನೂ ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಧಾರಾಳವಾಗಿ ಬೈಯಿರಿ. ಬೈಯುವ ಮುನ್ನ ಲೈಕ್ ಒತ್ತುವುದನ್ನು ಮರೆಯಬೇಡಿ.