ಡೆನಿಸ್ ರಿಚಿ ಮತ್ತು ಸಿ ಭಾಷೆ

ಕೇಳುಗರೇ, ನಮಸ್ಕಾರ.

ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಅಥವಾ ಬಿಸಿಎ ಓದಿದವರಿದ್ದರೆ ಸಿ ಲ್ಯಾಬ್ ಬಗ್ಗೆ ಕೇಳಿ ನೋಡಿ. ಒಂದು ಸೆಮಿಕೋಲನ್ ಬಿಟ್ಟುಹೋದರೆ ಸಾಕು, ಪರದೆ ತುಂಬಾ ಎರರ್, ಅಲ್ವಾ? ಕಂಪ್ಯೂಟರಿಗೆ ಏನು ಮಾಡಬೇಕೆಂದು ಹೇಳಲು ಬಳಸುವ ಆ ಸಿ ಭಾಷೆಯನ್ನು ಕಟ್ಟಿದವರು ಅಮೆರಿಕದ ಡೆನಿಸ್ ರಿಚಿ. ಹುಟ್ಟಿದ್ದು 1941ರಲ್ಲಿ. ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿದರು. ಆದರೆ ಬೈಂಡ್ ಮಾಡಿಸಿದ ಪ್ರತಿ ಕೊಡಲೇ ಇಲ್ಲ. ಡಾಕ್ಟರೇಟೂ ಸಿಗಲಿಲ್ಲ!

1967ರಲ್ಲಿ ಅವರು ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ ಸೇರಿದರು. ಎರಡು ವರ್ಷದ ನಂತರ ಸಹೋದ್ಯೋಗಿ ಕೆನ್ ಥಾಂಪ್ಸನ್, ಪಿಡಿಪಿ-7 ಎಂಬ ಹಳೆಯ ಯಂತ್ರದಲ್ಲಿ ಪುಟ್ಟ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಬರೆಯಲು ಕೂತರು. ರಿಚಿಯೂ ಜೊತೆಯಾದರು. ಅದೇ ಯುನಿಕ್ಸ್. ಆ ಯಂತ್ರದ ಮೆಮೊರಿ ಸುಮಾರು 18 ಸಾವಿರ ಬೈಟ್. ಬೆಳಿಗ್ಗೆ ವಾಟ್ಸಾಪಿಗೆ ಬರುವ ಗುಡ್ ಮಾರ್ನಿಂಗ್ ಚಿತ್ರಕ್ಕೂ ಅದು ಸಾಲದು.

ಯುನಿಕ್ಸನ್ನು ಮೊದಲು ಬರೆದದ್ದು ಅಸೆಂಬ್ಲಿಯಲ್ಲಿ. ಅದು ಆಯಾ ಯಂತ್ರದ್ದೇ ಭಾಷೆ. ಯಂತ್ರ ಬದಲಾದರೆ ಎಲ್ಲವನ್ನೂ ಮೊದಲಿಂದ ಬರೆಯಬೇಕು. ಥಾಂಪ್ಸನ್ ಮಾಡಿದ್ದ ಬಿ ಎಂಬ ಭಾಷೆಗೆ ಅಕ್ಷರ ಬೇರೆ, ಅಂಕಿ ಬೇರೆ ಅನ್ನುವ ಭೇದವೇ ಇರಲಿಲ್ಲ. ರಿಚಿ ಆ ಭೇದ ತಂದರು. ಬಿ ಹೋಗಿ ಸಿ ಆಯಿತು. 1972ರಲ್ಲಿ ಥಾಂಪ್ಸನ್ ಯುನಿಕ್ಸಿನ ತಿರುಳಾದ ಕರ್ನಲ್ಲನ್ನು ಸಿಯಲ್ಲಿ ಬರೆಯಲು ಹೋಗಿ, ಆಗದೆ ಕೈಬಿಟ್ಟರು. ಆಮೇಲೆ ರಿಚಿ ಸ್ಟ್ರಕ್ಚರ್ ಸೇರಿಸಿದರು. ಹೆಸರು, ವಯಸ್ಸು, ಸಂಬಳ ಹೀಗೆ ಬೇರೆ ಬೇರೆ ಬಗೆಯ ಮಾಹಿತಿಯನ್ನು ಒಂದೇ ಗಂಟು ಕಟ್ಟಿಡುವ ಉಪಾಯ ಅದು. 1973ರ ಬೇಸಿಗೆಯಲ್ಲಿ ಕೆಲಸ ಕೈಗೂಡಿತು. ಇದಕ್ಕಿಂತ ಮುಂಚೆ ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನೂ ಅಸೆಂಬ್ಲಿ ಬಿಟ್ಟು ಬೇರೆ ಭಾಷೆಯಲ್ಲಿ ಬರೆದಿದ್ದರು, ನಿಜ. ಆದರೆ ಅದಕ್ಕೆ ಭಾರೀ ಯಂತ್ರವೇ ಬೇಕಿತ್ತು. ಯುನಿಕ್ಸ್ ಹಾಗಲ್ಲ. ಸಿಯಲ್ಲಿದ್ದುದರಿಂದ ಕೆಲವೇ ವರ್ಷಗಳಲ್ಲಿ ಬೇರೆ ಕಂಪನಿಯ ಇಂಟರ್‌ಡೇಟಾ ಯಂತ್ರಕ್ಕೂ ಹೋಯಿತು. ನನ್ನ ಮಟ್ಟಿಗೆ ರಿಚಿಯವರ ದೊಡ್ಡ ಕೆಲಸ ಇದೇ. 1983ರಲ್ಲಿ ರಿಚಿ, ಥಾಂಪ್ಸನ್ ಇಬ್ಬರಿಗೂ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 2011ರಲ್ಲಿ ರಿಚಿ ತೀರಿಕೊಂಡರು.

ಸಿ ಭಾಷೆಗೂ ಒಂದು ಊನ ಇದೆ. ಬರೆಯುವವರನ್ನು ಅದು ಜಾಸ್ತಿಯೇ ನಂಬುತ್ತದೆ. ಮಾಹಿತಿ ಇಡಲು ಮಾಡಿದ ಹತ್ತು ಮನೆಗಳ ಸಾಲಿನಲ್ಲಿ ಹನ್ನೊಂದನೆಯದಕ್ಕೆ ಕೈಹಾಕಿದರೂ ಸುಮ್ನೆ ಇರುತ್ತದೆ. 1988ರಲ್ಲಿ ಮಾರಿಸ್ ವರ್ಮ್ ಎಂಬ, ತಾನಾಗಿಯೇ ಹರಡುವ ಪ್ರೋಗ್ರಾಮ್ ಇಂಟರ್‌ನೆಟ್ಟಿನ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಇದೂ ಒಂದು. ಅದಕ್ಕೇ ಈಗ ಆಂಡ್ರಾಯ್ಡಿಗೂ ಆಧಾರವಾದ ಲಿನಕ್ಸ್ ಕರ್ನಲ್ಲಿಗೆ ರಸ್ಟ್ ಎಂಬ ಹೊಸ ಭಾಷೆಯನ್ನೂ ಬಿಟ್ಟುಕೊಂಡಿದ್ದಾರೆ. ಹಾಗಿದ್ದರೂ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಕರ್ನಲ್ ಬಹುಪಾಲು ಇನ್ನೂ ಸಿಯಲ್ಲೇ ಇದೆ. ನಮಸ್ಕಾರ.