ವಾಲ್ವ್ ಲೀಕ್ ಅಂದರೆ ಆಪರೇಷನ್ನೇ?

ಕೇಳುಗರಿಗೆ ನಮಸ್ಕಾರ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಅದರ ರಿಪೋರ್ಟ್‌ನಲ್ಲಿ 'ಟ್ರಿವಿಯಲ್ ಎಂ.ಆರ್.' ಅಂತ ಬರೆದಿದ್ದರೆ ಸಾಕು, ಎಷ್ಟೋ ಜನರಿಗೆ ಆ ರಾತ್ರಿ ನಿದ್ದೆ ಇಲ್ಲ. ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ವಾಲ್ವ್ ಸೋರುತ್ತಿದೆ, ಆದರೆ ಲೆಕ್ಕಕ್ಕೆ ಹಿಡಿಯುವಷ್ಟಲ್ಲ ಅಂತ ಅದರರ್ಥ. ಇಷ್ಟು ಸೋರಿಕೆ ಗಟ್ಟಿಮುಟ್ಟಾದವರಲ್ಲೂ ಕಾಣುತ್ತದೆ. ಸುಮ್ನೆ ಹೆದರಬೇಡಿ.

ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತಲ್ವಾ? ಅದು ಸರಿಯಾಗಿ ಮುಚ್ಚದಿದ್ದರೆ ನೀರು ಬಾವಿಗೇ ವಾಪಸ್. ಹೃದಯದ ನಾಲ್ಕು ವಾಲ್ವ್‌ಗಳ ಕೆಲಸವೂ ರಕ್ತ ಹಿಂದಕ್ಕೆ ಹೋಗದಂತೆ ತಡೆಯುವುದೇ. ಮೈಟ್ರಲ್ ಜೋರಾಗಿ ಸೋರಿದರೆ ಒತ್ತಡ ಶ್ವಾಸಕೋಶಕ್ಕೆ ಏರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಇನ್ನೊಂದು ದಿಂಬು ಬೇಕಾಗುತ್ತದೆ. ಪಾದ ಊದುತ್ತದೆ.

ಆದರೆ ಇದೆಲ್ಲ ತಡವಾಗಿ ಬರುವಂಥದ್ದು. ಸೋರಿಕೆ ಜಾಸ್ತಿ ಇದ್ದರೂ ಹೃದಯ ಹಿಗ್ಗಿಕೊಂಡು, ಹೆಚ್ಚು ದುಡಿದು, ವರ್ಷಗಟ್ಟಲೆ ಸಂಭಾಳಿಸುತ್ತದೆ. "ನಂಗೇನೂ ತೊಂದರೆ ಇಲ್ವಲ್ಲ ಡಾಕ್ಟ್ರೇ" ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ದಮ್ಮು ಶುರುವಾಗುವಷ್ಟರಲ್ಲಿ ಹೃದಯದ ಸ್ನಾಯು ಸೋತಿರಬಹುದು. ಅದಕ್ಕೇ ಎಕೋ ತಪ್ಪಿಸಬಾರದು. ಸಾಮಾನ್ಯವಾಗಿ ಸೋರಿಕೆ ಮೈಲ್ಡ್ ಇದ್ದರೆ 3ರಿಂದ 5 ವರ್ಷಕ್ಕೊಮ್ಮೆ, ಮಾಡರೇಟ್ ಇದ್ದರೆ 1–2 ವರ್ಷಕ್ಕೊಮ್ಮೆ, ಸಿವಿಯರ್ ಇದ್ದರೆ 6 ತಿಂಗಳಿಗೋ ವರ್ಷಕ್ಕೋ ಒಮ್ಮೆ.

ವಾಲ್ವ್ ಸೋರುವುದಕ್ಕೆ ವಯಸ್ಸು, ಹಾರ್ಟ್ ಅಟ್ಯಾಕ್, ಹುಟ್ಟಿನಿಂದ ಬಂದ ದೋಷ, ಹೀಗೆ ಕಾರಣ ಹಲವು. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರ ಇನ್ನೂ ದೊಡ್ಡ ಕಾರಣ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಇವತ್ತು ಮಂಡಿ, ನಾಳೆ ಮೊಣಕೈ ಅಂತ ಕೀಲು ಊದಿಕೊಂಡರೆ ಅದು ರುಮ್ಯಾಟಿಕ್ ಜ್ವರ ಇರಬಹುದು, ತಕ್ಷಣ ತೋರಿಸಿ. ಆ ಜ್ವರ ಮತ್ತೆ ಬಂದು ವಾಲ್ವ್ ಇನ್ನಷ್ಟು ಹಾಳಾಗದಿರಲಿ ಅಂತ 3–4 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, ಅದೂ ವರ್ಷಗಳ ಕಾಲ. ನೋಯುತ್ತದೆ, ನಿಜ. ಮಗು ಆಡಿಕೊಂಡಿದೆಯಲ್ಲ ಅಂತ ಮನೆಯವರೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ.

ವಾಲ್ವೇ ಕೆಟ್ಟಿದ್ದರೆ ಮಾತ್ರೆಯಿಂದ ಅದು ಸರಿಹೋಗುವುದಿಲ್ಲ. ಮಾತ್ರೆ ಮೈಯಲ್ಲಿ ತುಂಬಿದ ನೀರು ಇಳಿಸುತ್ತದೆ, ಬಿ.ಪಿ. ಹಿಡಿತದಲ್ಲಿಡುತ್ತದೆ, ಅಷ್ಟೇ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದರೆ ಆ ಮಾತ್ರೆಗೂ ಬಲ. ಆಪರೇಷನ್ ಬೇಕೇ ಬೇಕು ಅಂತಾದರೆ, ಸಾಧ್ಯವಿದ್ದಲ್ಲಿ ಮೈಟ್ರಲ್ ವಾಲ್ವ್ ರಿಪೇರಿಯೇ ಒಳ್ಳೆಯದು. ಆಗದಿದ್ದರೆ ಬದಲಾಯಿಸಬೇಕು. ಹೊರದೇಶದ ವಾಲ್ವ್‌ನ ಬೆಲೆ ಕೈಗೆಟುಕದ ಕಾಲದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಇಲ್ಲೇ ವಾಲ್ವ್ ತಯಾರಿಸಿತು. 1990ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಹಾಕಿದರು. ಮುಂದೆ ಅವರು ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು.

ಇಂಥ ಕೃತಕ ಲೋಹದ ವಾಲ್ವ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐ.ಎನ್.ಆರ್. ಪರೀಕ್ಷೆ ಆಗಾಗ ಮಾಡಿಸುತ್ತಿರಬೇಕು. ಸೊಪ್ಪು ಈ ಮಾತ್ರೆಯ ಬಲ ತಗ್ಗಿಸುತ್ತದೆ, ಅದಕ್ಕೆ ತಿನ್ನಲೇಬಾರದು ಅಂತ ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಈ ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂತಾದರೆ ಐ.ಎನ್.ಆರ್. ಏರುಪೇರಾಗುತ್ತದೆ. ಒಂದೇ ಅಳತೆಯಲ್ಲಿ ತಿನ್ನಿ. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಆಗಬಹುದು. ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರ್ ಜೊತೆ ಮಾತಾಡಿ. ಹಲ್ಲು ಕೀಳಿಸುವ ಮುಂಚೆಯೂ ವಾಲ್ವ್ ಹಾಕಿಸಿಕೊಂಡಿದ್ದೀನಿ ಅಂತ ಹೇಳಿ, ಆ್ಯಂಟಿಬಯಾಟಿಕ್ ಮೊದಲೇ ಕೊಡಬೇಕಾಗುತ್ತದೆ.

ನಮಸ್ಕಾರ.